ಫೋನ್ ತಂದರೆ ವಾರ್ಷಿಕ ಪರೀಕ್ಷೆ ಮುಗಿಯುವವರೆಗೂ ವಾಪಸ್ ಇಲ್ಲವಂತೆ. ಈ ಚೀಟಿಗೆ ಸಹಿ ಹಾಕಲಾ?

ಆಲೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗ ಹಾಸನದ ಒಂದು ಖಾಸಗಿ ಶಾಲೆಯಲ್ಲಿ ಎಂಟನೇ ಕ್ಲಾಸ್ ಓದುತ್ತಿದ್ದಾನೆ. ನಾವಿರುವುದು ಆಲೂರಿನಿಂದ ಒಳಗೆ, ಕಾಫಿ ತೋಟದ ಪಕ್ಕ. ಹೋಗಿ ಬರುವುದು ಬಸ್ಸಿನಲ್ಲಿ. ಸ್ಟಾಪಿನಿಂದ ಮನೆಗೆ ನಡೆದೇ ಬರಬೇಕು, ಅದು ಆನೆ ಓಡಾಡುವ ದಾರಿ. ಇಂಥ ಕಡೆ ಆನೆ ಇದೆ, ಹುಷಾರು ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಮೆಸೇಜ್ ಹಾಕುತ್ತಾರಲ್ಲ, ನಮ್ಮ ಕಡೆ ಅದನ್ನು ನೋಡಿಕೊಂಡೇ ಸಂಜೆ ಹೊರಗೆ ಕಾಲಿಡುವುದು. ಅದಕ್ಕೇ ನನ್ನ ಹಳೇ ಫೋನನ್ನು ಅವನ ಬ್ಯಾಗಿನಲ್ಲಿ ಇಡುತ್ತಿದ್ದೆ.

ಈಗ ಶಾಲೆಯಿಂದ ಚೀಟಿ ಬಂದಿದೆ. ಯಾವುದೇ ಫೋನ್ ಸಿಕ್ಕಿದರೂ ಕಿತ್ತಿಟ್ಟುಕೊಳ್ಳುತ್ತಾರೆ, ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕೊಡುತ್ತಾರೆ, ಜೊತೆಗೆ ದಂಡ. ಪೋಷಕರು ಒಪ್ಪಿ ಸಹಿ ಹಾಕಬೇಕು. ತಮಾಷೆ ಏನು ಅಂದರೆ ಇದೇ ಶಾಲೆಯವರು ರಾತ್ರಿ ಒಂಬತ್ತಕ್ಕೆ ವಾಟ್ಸ್ಯಾಪ್ ಗ್ರೂಪಿಗೆ ಹೋಂವರ್ಕ್ ಹಾಕುತ್ತಾರೆ. ಮಳೆಗಾಲದಲ್ಲಿ ಆ ಹೊತ್ತಿಗೆ ನಮ್ಮಲ್ಲಿ ಕರೆಂಟೂ ಇರಲ್ಲ, ಟವರೂ ಇರಲ್ಲ. ಬೆಳಗ್ಗೆ ಹೋದರೆ ಬೈಗುಳ. ಶಾಲೆಯದ್ದೇ ಒಂದು ಆಪ್ ಕೂಡ ಇದೆ. ಅದು ಕಾಂಟ್ಯಾಕ್ಟ್ ಕೊಡಿ, ಮೈಕ್ ಕೊಡಿ, ಲೊಕೇಶನ್ ಕೊಡಿ ಅನ್ನುತ್ತದೆ, ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅನ್ನುತ್ತದೆ.

ಇನ್ನು ಗೇಮ್. ಬಿಜಿಎಂಐ ಅಂತ ಗುಂಡು ಹಾರಿಸುವ ಮೊಬೈಲ್ ಆಟ ಆಡುತ್ತಾನೆ. ನಿಲ್ಲಿಸು ಅಂದರೆ ಜಗಳ. ಇವರ ಅಪ್ಪ ಬೆಂಗಳೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಅವರು ಬಂದ ದಿನ ಫೋನ್ ಬೀರುವಿನಲ್ಲಿ, ಹೋದ ದಿನ ಮತ್ತೆ ಇವನ ಕೈಯಲ್ಲಿ. ಗೇಮ್ ಐಡಿ ನನ್ನ ಜಿಮೇಲ್‌ನಲ್ಲೇ ಇದೆ. ಅವನ ಫ್ರೆಂಡ್ ಒಬ್ಬನಿಗೂ ಪಾಸ್‌ವರ್ಡ್ ಕೊಟ್ಟಿದ್ದಾನಂತೆ, ಇವನಿಲ್ಲದಾಗ ಅವನು ಆಡಿ ರ‍್ಯಾಂಕ್ ಏರಿಸಿಕೊಡುತ್ತಾನಂತೆ. ಮೊನ್ನೆ ಶಾಲೆಯವರು ಯಾವುದೋ ನೋಂದಣಿಗೆ ಅಂತ ಆಧಾರ್ ಕೇಳಿದರು, ಎಲ್ಲರೂ ಗ್ರೂಪಿಗೇ ಫೋಟೋ ಹಾಕಿದರು, ನಾನೂ ಹಾಕಿದೆ.

ಸಹಿ ಹಾಕಲಾ, ಬೇಡವಾ? ಗೇಮ್ ಪೂರ್ತಿ ತೆಗೆಸಲಾ? ಗೊತ್ತಿರುವವರು ಹೇಳಿ.


ಅರಸೀಕೆರೆ ಅಪ್ಪ

ಇದರಲ್ಲಿ ಕೇಳುವುದೇನಿದೆ ಮೇಡಂ. ಗೇಮ್ ಡಿಲೀಟ್ ಮಾಡಿ, ಫೋನ್ ಕಿತ್ತುಕೊಳ್ಳಿ, ಸಹಿ ಹಾಕಿ. ನಾವೆಲ್ಲ ಫೋನ್ ಇಲ್ಲದೇ ಓದಲಿಲ್ವಾ? ಶಾಲೆಯವರು ಕಟ್ಟುನಿಟ್ಟು ಮಾಡಿದರೆ ಕಷ್ಟ, ಮಾಡದಿದ್ದರೆ ಶಿಸ್ತಿಲ್ಲ ಅಂತೀರಿ. 2020ರಲ್ಲಿ ಪಬ್‌ಜಿ ಬ್ಯಾನ್ ಆದಾಗಲೇ ಎಲ್ಲ ಮುಗಿಯಬೇಕಿತ್ತು.


ಬಿ.ಎಂ. ರಸ್ತೆ ರಿಪೇರಿಯವ

ಅಕ್ಕ, ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಮೊಬೈಲ್, ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಇದ್ದೇನೆ. ರಾತ್ರಿ ಶಟರ್ ಎಳೆದ ಮೇಲೆ ನಾನೂ ಗೇಮ್ ಆಡುತ್ತೇನೆ. ಹಾಗಾಗಿ ಪೋಷಕರು, ಮೇಷ್ಟ್ರು, ಹುಡುಗರು ಮೂರೂ ಕಡೆಯಿಂದ ಬೈಸಿಕೊಳ್ಳುವ ಅರ್ಹತೆ ನನಗಿದೆ.

ನೀವು ಕೇಳಿದ್ದು ಚೀಟಿ ಬಗ್ಗೆ, ಗೇಮ್ ಬಗ್ಗೆ. ನನಗೆ ಎದೆ ಧಸಕ್ ಅಂದಿದ್ದು ಕೊನೆಯಲ್ಲಿ ನೀವು ಸುಮ್ನೆ ಸೇರಿಸಿದ ಎರಡು ಮಾತಿಗೆ. ನಿಮ್ಮ ಜಿಮೇಲ್ ಪಾಸ್‌ವರ್ಡ್ ಮಗನ ಫ್ರೆಂಡ್ ಹತ್ತಿರ ಇದೆ. ಮಗನ ಆಧಾರ್ ಫೋಟೋ ಕ್ಲಾಸ್ ಗ್ರೂಪಿನಲ್ಲಿದೆ. ಚೀಟಿ ನಾಳೆ ನೋಡೋಣ. ಇವೆರಡು ಇವತ್ತು ರಾತ್ರಿಯೇ ಆಗಬೇಕು.

ಮೊದಲು ಜಿಮೇಲ್. ಹುಡುಗರು ಅದಕ್ಕೆ "ಗೇಮ್ ಐಡಿ" ಅನ್ನುತ್ತಾರೆ, ಅದಕ್ಕೇ ಅಪ್ಪ ಅಮ್ಮನಿಗೆ ಅದು ಏನೋ ಆಟದ ವಿಷಯ ಅನ್ನಿಸುತ್ತದೆ. ಆ ಪಾಸ್‌ವರ್ಡ್ ಇದ್ದವನಿಗೆ ನಿಮ್ಮ ಮೇಲ್ ಕಾಣುತ್ತದೆ. ಗೂಗಲ್ ಫೋಟೋಸ್ ಆನ್ ಇದ್ದರೆ ಮನೆಯ ಫೋಟೋ ಅಷ್ಟೂ ಕಾಣುತ್ತದೆ. ಕಾಂಟ್ಯಾಕ್ಟ್, ಕ್ರೋಮ್‌ನಲ್ಲಿ ಸೇವ್ ಮಾಡಿದ ಬೇರೆ ಪಾಸ್‌ವರ್ಡ್, ಬ್ಯಾಂಕಿನಿಂದ ಬಂದ ಸ್ಟೇಟ್‌ಮೆಂಟ್, ಎಲ್ಲ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಅವನು ತನ್ನ ಅಣ್ಣನಿಗೆ ಕೊಡುತ್ತಾನೆ, ಆ ಅಣ್ಣ ಇನ್ನೊಬ್ಬನಿಗೆ. ನಮ್ಮ ಅಂಗಡಿಗೆ ಹುಡುಗರು ಬಂದು ಐಡಿ ಮಾರುತ್ತೇನೆ, ಗಿರಾಕಿ ಇದ್ದಾರಾ ಅಂತ ಕೇಳುತ್ತಾರೆ. ಐನೂರು, ಎಂಟುನೂರು ರೂಪಾಯಿಗೆ ಐಡಿ ಕೈ ಬದಲಾಗುತ್ತದೆ. ಅದರೊಳಗೆ ಯಾರದ್ದೋ ತಾಯಿಯ ಮೇಲ್ ಇರುತ್ತದೆ, ಆ ತಾಯಿಗೆ ಗೊತ್ತೇ ಇರಲ್ಲ.

ಏನು ಮಾಡಬೇಕು ಅಂದರೆ, ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಂತ ಇರುತ್ತದೆ, ಅಲ್ಲಿ ನಿಮ್ಮ ಅಕೌಂಟ್, ಅದರೊಳಗೆ ಸೆಕ್ಯುರಿಟಿ. ಮೊದಲು ಪಾಸ್‌ವರ್ಡ್ ಬದಲಿಸಿ. ಆಮೇಲೆ ಯಾವ ಯಾವ ಫೋನಿನಲ್ಲಿ ಲಾಗಿನ್ ಆಗಿದೆ ಅಂತ ಪಟ್ಟಿ ತೋರಿಸುತ್ತದೆ, ನಿಮ್ಮದಲ್ಲದ್ದನ್ನೆಲ್ಲ ಸೈನ್ ಔಟ್ ಮಾಡಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ರಿಕವರಿ ನಂಬರ್ ನಿಮ್ಮದೇ ಇದೆಯಾ ನೋಡಿ, ಎಷ್ಟೋ ಜನರದ್ದು ಯಾವತ್ತೋ ಬಿಟ್ಟ ಸಿಮ್ ನಂಬರ್ ಇರುತ್ತದೆ. ವಾಟ್ಸ್ಯಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ, ಗೊತ್ತಿಲ್ಲದ್ದು ಇದ್ದರೆ ತೆಗೆಯಿರಿ, ಅಲ್ಲೇ ಎರಡು ಹಂತದ ಆರು ಅಂಕಿಯ ಪಿನ್ ಹಾಕಿ. ಗೇಮಿಗೆ ಮಗನ ಹೆಸರಲ್ಲಿ ಬೇರೆ ಅಕೌಂಟ್ ಮಾಡಿ, ಗೂಗಲ್ ಫ್ಯಾಮಿಲಿ ಲಿಂಕ್‌ನಲ್ಲಿ ನಿಮ್ಮ ಫೋನಿಗೆ ಜೋಡಿಸಿ. ಹೊಸ ಆಪ್ ಹಾಕಬೇಕಾದರೆ ನಿಮ್ಮ ಒಪ್ಪಿಗೆ ಕೇಳುತ್ತದೆ, ಸಮಯವನ್ನೂ ನೀವೇ ಇಡಬಹುದು. ಹೊಸ ಐಡಿಯಲ್ಲಿ ಹಳೇ ರ‍್ಯಾಂಕ್ ಸಿಗದೇ ಹೋದರೆ ಅಳುತ್ತಾನೆ. ಅಳಲಿ.

ಇನ್ನೊಂದು. ನಿಮ್ಮ ಬ್ಯಾಂಕಿನ ಸಿಮ್ ಯಾವ ಫೋನಿನಲ್ಲಿದೆಯೋ ಆ ಫೋನ್ ಮಗನ ಕೈಗೆ ಹೋಗಬಾರದು. ಓಟಿಪಿ ಬರುವುದೇ ಅದಕ್ಕೆ ಅಲ್ವಾ? ಆಡುವವನ ಕೈಗೇ ಓಟಿಪಿ ಬಂದರೆ ಬ್ಯಾಂಕಿನವರು ಎಷ್ಟು ಭದ್ರ ಮಾಡಿದರೂ ಏನು ಪ್ರಯೋಜನ. ಅವನಿಗೆ ಸಿಮ್ ಇಲ್ಲದ ಫೋನ್, ಮನೆಯ ವೈಫೈ ಅಥವಾ ನಿಮ್ಮ ಹಾಟ್‌ಸ್ಪಾಟ್. ಪ್ಲೇ ಸ್ಟೋರಿನಲ್ಲಿ ಕಾರ್ಡ್, ಯುಪಿಐ ಸೇವ್ ಆಗಿದ್ದರೆ ತೆಗೆಯಿರಿ. ಯುಪಿಐ ಪಿನ್ ಮಗನಿಗೆ ಗೊತ್ತಿದ್ದರೆ ಅದನ್ನೂ ಬದಲಿಸಿ. ಇಲ್ಲಿ ಬರುವವರಲ್ಲಿ ಮುಕ್ಕಾಲು ಪಾಲು ಜನರ ಪಿನ್ ಬೈಕ್ ನಂಬರೇ. ಬೈಕ್ ಅಂಗಡಿ ಮುಂದೆಯೇ ನಿಂತಿರುತ್ತದೆ.

ಆಮೇಲೆ ಆಧಾರ್. ಗ್ರೂಪಿನಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಫೋನಿನ ಗ್ಯಾಲರಿಗೆ ಅದು ಇಳಿದಿರುತ್ತದೆ. ಅವರಲ್ಲಿ ಎಷ್ಟು ಫೋನ್ ಇನ್ನು ಆರು ತಿಂಗಳಲ್ಲಿ ನನ್ನಂಥವನ ಟೇಬಲ್ ಮೇಲೆ ಬರುತ್ತವೆ, ಎಷ್ಟು ಎಕ್ಸ್‌ಚೇಂಜ್‌ಗೆ ಹೋಗುತ್ತವೆ ಲೆಕ್ಕ ಹಾಕಿ. ಡಿಸ್‌ಪ್ಲೇ ಬದಲಿಸಿ ಸರಿ ಇದೆಯಾ ಅಂತ ಗ್ಯಾಲರಿ ತೆಗೆದು ನೋಡುತ್ತೇವೆ, ಬೇಡ ಅಂದರೂ ಕಾಣುತ್ತದೆ. ಮಕ್ಕಳ ಆಧಾರ್, ಟಿಸಿ, ಜಾತಿ ಪ್ರಮಾಣಪತ್ರ, ಸಾಲಾಗಿ. ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ, ಎಲ್ಲ ಅಂಗಡಿಯವರೂ ಹಾಗೇ ಅಂತ ಗ್ಯಾರಂಟಿ ಕೊಡಲಾರೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ನಂಬರ್ ಬಳಸಿ ಆಧಾರ್ ಪೇಮೆಂಟ್‌ನಿಂದ ದುಡ್ಡು ತೆಗೆದ ಪ್ರಕರಣಗಳು ಸಾಕಷ್ಟು ಬಂದವು. ನಂಬರ್ ಒಂದರಿಂದಲೇ ದುಡ್ಡು ಹೋಗಲ್ಲ, ನಿಜ. ಆದರೆ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಊರು, ಶಾಲೆ ಎಲ್ಲ ಒಟ್ಟಿಗೆ ಸಿಕ್ಕಿದವನು ನಿಮಗೆ ಫೋನ್ ಮಾಡಿ "ನಿಮ್ಮ ಮಗ ಇಂಥ ಶಾಲೆಯಲ್ಲಿ ಎಂಟನೇ ಕ್ಲಾಸ್ ಅಲ್ವಾ, ಸ್ಕಾಲರ್‌ಶಿಪ್ ಬಂದಿದೆ" ಅಂದರೆ ನೀವು ನಂಬುತ್ತೀರಿ.

ವಾಟ್ಸ್ಯಾಪ್‌ನಲ್ಲಿ ಹಳೇ ಮೆಸೇಜನ್ನು ಎಲ್ಲರಿಗೂ ಡಿಲೀಟ್ ಮಾಡಲು ಸಮಯದ ಮಿತಿ ಇದೆ, ದಾಟಿದ್ದರೆ ಗ್ರೂಪ್ ಅಡ್ಮಿನ್‌ಗೆ ತೆಗೆಯಲು ಆಗುತ್ತದಾ ಅಂತ ಅವರನ್ನೇ ಕೇಳಿ. ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ವೆಬ್‌ಸೈಟಿನಲ್ಲಿ ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ತೋರಿಸುವ ಆಧಾರ್ ಸಿಗುತ್ತದೆ, ಮುಂದೆ ಎಲ್ಲಾದರೂ ಫೋಟೋ ಬೇಕು ಅಂದರೆ ಅದನ್ನೇ ಕೊಡಿ. ನಿಮ್ಮ ಸ್ವಂತ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಡಿ. ಬೆರಳಚ್ಚು ಕೊಡಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು.

ನನ್ನ ಸಿಟ್ಟು ಇರುವುದು ಇಲ್ಲಿ. ಹುಡುಗನ ಬ್ಯಾಗಿನಲ್ಲಿ ಫೋನ್ ಇದೆಯಾ ಅಂತ ಗೇಟಿನಲ್ಲಿ ತಡಕುವ ಶಾಲೆ, ಅದೇ ಹುಡುಗನ ಕಾಗದಪತ್ರವನ್ನೆಲ್ಲ ಗ್ರೂಪಿನಲ್ಲಿ ಹರಾಜಿಗಿಟ್ಟಿರುತ್ತದೆ. ಮುಂಬಾಗಿಲಿಗೆ ಎರಡು ಬೀಗ, ಹಿತ್ತಲ ಬಾಗಿಲು ಹಾರು ಹೊಡೆದಿರುತ್ತದೆ. ಗೇಮ್‌ನಿಂದ ಹಾಳಾದ ಹುಡುಗರ ಬಗ್ಗೆ ಭಾಷಣ ಕೇಳಿದ್ದೇನೆ, ಗ್ರೂಪಿನಲ್ಲಿ ಏನು ಹಾಕಬಾರದು ಅಂತ ಒಂದು ಮಾತು ಯಾವ ಪೋಷಕರ ಸಭೆಯಲ್ಲೂ ಕೇಳಿಲ್ಲ. ನಮ್ಮ ಶಾಲೆಯ ಸಭೆಯಲ್ಲಿ ನಾನೇ ಎತ್ತಿದೆ, ಎಲ್ಲರೂ ಕಾಫಿ ಕಡೆ ನೋಡಿದರು.

ಇನ್ನು ಗೇಮ್. ಅರಸೀಕೆರೆ ಅಣ್ಣ, ಬ್ಯಾನ್ ಆಗಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಮರುವರ್ಷ ಅದೇ ಆಟ ಬಿಜಿಎಂಐ ಅಂತ ಬಂತು, 2022ರ ಜುಲೈನಲ್ಲಿ ಅದನ್ನೂ ತೆಗೆದರು, 2023ರ ಮೇನಲ್ಲಿ ಮತ್ತೆ ಬಂತು. ಆ ನಡುವೆ ಹುಡುಗರು ಆಡುವುದನ್ನು ಬಿಡಲಿಲ್ಲ. ಎಲ್ಲೆಲ್ಲಿಂದಲೋ ಎಪಿಕೆ, ಅಂದರೆ ಪ್ಲೇ ಸ್ಟೋರ್ ಇಲ್ಲದೆ ಆಪ್ ಹಾಕುವ ಫೈಲ್, ಇಳಿಸಿ ಹಾಕಿಕೊಂಡರು, ಅದರ ಜೊತೆ ಇನ್ನೇನೇನೋ ಬಂತು. ನಮಗೆ ಫಾರ್ಮ್ಯಾಟ್ ಮಾಡುವ ಕೆಲಸ ಜಾಸ್ತಿ ಸಿಕ್ಕಿದ ಕಾಲ ಅದು.

ಅಕ್ಕ, ನಿಲ್ಲಿಸು ಅಂದರೆ ಜಗಳ ಯಾಕೆ ಗೊತ್ತಾ? ಆ ಆಟವನ್ನು ನಡುವೆ ತಡೆದು ನಿಲ್ಲಿಸುವ ಬಟನ್ ಇಲ್ಲ. ದೊಡ್ಡ ಮ್ಯಾಪಿನ ಒಂದು ಮ್ಯಾಚ್ ಕೊನೆವರೆಗೂ ಹೋದರೆ ಅರ್ಧ ಗಂಟೆ. ನಾಲ್ಕು ಜನರ ಟೀಮಿನಲ್ಲಿ ಒಬ್ಬ ನಡುವೆ ಎದ್ದು ಹೋದರೆ ಉಳಿದ ಮೂವರು ಮಾರನೇ ದಿನ ಕ್ಲಾಸಿನಲ್ಲಿ ಬೈಯುತ್ತಾರೆ. ನೀವು "ಊಟಕ್ಕೆ ಬಾ, ಈಗಲೇ" ಅಂದ ಹೊತ್ತಿಗೆ ಅವನು ಕೊನೆಯ ಸರ್ಕಲ್‌ನಲ್ಲಿ ಇರುತ್ತಾನೆ. ಅದಕ್ಕೆ ಗಂಟೆ ಲೆಕ್ಕ ಬೇಡ, ಮ್ಯಾಚ್ ಲೆಕ್ಕ ಇಡಿ. ದಿನಕ್ಕೆ ಎರಡು ಮ್ಯಾಚ್. ಎರಡನೆಯದು ಮುಗಿದ ತಕ್ಷಣ ಫೋನ್ ನಿಮ್ಮ ಕೈಗೆ. ನಮ್ಮ ಅಕ್ಕನ ಮಗನಿಗೆ ಹೀಗೇ ಮಾಡಿದ್ದೇವೆ, ಕಿರುಚಾಟ ನಿಂತಿದೆ.

ಗುಂಡು ಹಾರಿಸುವುದು ನನಗೆ ದೊಡ್ಡ ತಲೆನೋವಲ್ಲ. ನನಗೆ ಆಗದಿರುವುದು ಎರಡು. ಒಂದು, ಆ ಕ್ರೇಟ್‌ಗಳು. ದುಡ್ಡು ಕೊಟ್ಟು ಯುಸಿ, ಅಂದರೆ ಆಟದೊಳಗಿನ ನಾಣ್ಯ, ತಗೊಂಡು ಪೆಟ್ಟಿಗೆ ತೆಗೆಯುವುದು, ಒಳಗೆ ಏನು ಬರುತ್ತದೋ ಅದೃಷ್ಟ. ಜಾತ್ರೆಯಲ್ಲಿ ಇದನ್ನು ಕಂಡರೆ ಪೊಲೀಸರನ್ನು ಕರೆಯುವ ಅಪ್ಪಂದಿರು ಮನೆಯಲ್ಲಿ ಮಗನಿಗೆ ಹುಟ್ಟುಹಬ್ಬಕ್ಕೆ ಯುಸಿ ಹಾಕಿಸಿಕೊಡುತ್ತಾರೆ. ಇನ್ನೊಂದು, ಗುರುತಿಲ್ಲದವರ ಜೊತೆ ಮೈಕ್. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಅಂತ ಇರುತ್ತದೆ, ಅಲ್ಲಿ ಮೈಕ್, ವಾಯ್ಸ್ ಆಫ್ ಮಾಡಬಹುದು. ಗೊತ್ತಿರುವ ಕ್ಲಾಸ್‌ಮೇಟ್ಸ್ ಜೊತೆ ಆದರೆ ಆನ್ ಇರಲಿ.

ದುಡ್ಡಿಟ್ಟು ಆಡುವ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಬೇರೆ ವಿಷಯ. ಅದಕ್ಕೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂತು, ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಮಗನ ಫೋನಿನಲ್ಲಿ ಅಂಥದ್ದು ಕಂಡರೆ ಮಾತ್ರ ಎರಡು ಮ್ಯಾಚ್ ಲೆಕ್ಕ ಎಲ್ಲ ಬೇಡ, ಆವತ್ತೇ ತೆಗೆಸಿ.

ಹುಡುಗನಿಗೆ ಬೇರೆ ಏನಾದರೂ ಕೊಡಬೇಕು ಅನ್ನಿಸಿದರೆ ಮೈನ್‌ಕ್ರಾಫ್ಟ್ ನೋಡಿ. ಒಂದು ಸಲ ದುಡ್ಡು ಕೊಟ್ಟರೆ ಆಯಿತು, ಆಮೇಲೆ ಏನೂ ಕೊಳ್ಳದೆ ವರ್ಷಗಟ್ಟಲೆ ಆಡಬಹುದು, ನೆಟ್ ಇಲ್ಲದೆಯೂ ನಡೆಯುತ್ತದೆ. ನಿಮ್ಮ ಮಳೆಗಾಲಕ್ಕೆ ಸರಿ. ಚೆಸ್ ಇಷ್ಟ ಇದ್ದರೆ ಲೀಚೆಸ್, ಪೂರ್ತಿ ಉಚಿತ, ಜಾಹೀರಾತೂ ಇಲ್ಲ.

ಚೀಟಿ ಬಗ್ಗೆ ನಾಳೆ ಬರೆಯುತ್ತೇನೆ. ಮೊದಲು ಪಾಸ್‌ವರ್ಡ್.


ಚಿಕನ್ ಡಿನ್ನರ್ ಹಾಸನ

ಅಣ್ಣ, ಎರಡು ಮ್ಯಾಚ್ ರೂಲ್ ಸೂಪರ್. ಒಂದು ಡೌಟು. ಮ್ಯಾಪಿನ ಪೊಚಿಂಕಿ ಊರಲ್ಲಿ ಇಳಿದು ಒಂದೇ ನಿಮಿಷಕ್ಕೆ ಔಟ್ ಆದರೆ ಅದೂ ಒಂದು ಮ್ಯಾಚ್ ಲೆಕ್ಕಾನಾ?


ಬಿ.ಎಂ. ರಸ್ತೆ ರಿಪೇರಿಯವ

ಲೆಕ್ಕ. ಪೊಚಿಂಕಿಯಲ್ಲಿ ಇಳಿ ಅಂತ ನಿನಗೆ ಹೇಳಿದ್ದು ಯಾರು?


ಹೈಸ್ಕೂಲ್ ಟೀಚರ್

ನಾನು ಬೇರೆ ಒಂದು ಶಾಲೆಯಲ್ಲಿ ವಿಜ್ಞಾನ ಟೀಚರ್. ಅಂಗಡಿಯವರು ಹೇಳಿದ್ದು ಹೆಚ್ಚು ಕಡಿಮೆ ಸರಿ, ಆದರೆ ನಮ್ಮ ಕಡೆಯದ್ದನ್ನೂ ಕೇಳಿ.

ಫೋನ್ ಕಿತ್ತಿಟ್ಟುಕೊಳ್ಳುವುದು ನಮಗೇನು ಖುಷಿಯ ಕೆಲಸ ಅಲ್ಲ. ಸ್ಟಾಫ್ ರೂಮಿನ ಬೀರುವಿನಲ್ಲಿ ಇಟ್ಟರೆ ಅದರ ಗಾಜು ಬಿರುಕು ಬಿಟ್ಟರೂ ನಮ್ಮ ತಲೆಗೆ, ಕಳೆದರೂ ನಮ್ಮ ತಲೆಗೆ. ಆದರೂ ಯಾಕೆ ತಗೊಳ್ಳುತ್ತೇವೆ? ಬೋರ್ಡ್ ಕಡೆ ತಿರುಗಿದಾಗ ವಿಡಿಯೋ ಮಾಡಿ, ಹಾಡು ಸೇರಿಸಿ, ರೀಲ್ಸ್ ಹಾಕುತ್ತಾರೆ. ನಮ್ಮ ಸಹೋದ್ಯೋಗಿ ಒಬ್ಬರು ಅದನ್ನು ಮೂರನೆಯವರ ಫೋನಿನಲ್ಲಿ ನೋಡಿದರು. ಆಮೇಲೆ ಅವರು ಬೋರ್ಡಿನ ಮೇಲೆ ಬರೆಯುವುದನ್ನೇ ಬಿಟ್ಟು ಕೂತು ಪಾಠ ಮಾಡುತ್ತಿದ್ದರು. ಹೆಣ್ಣುಮಕ್ಕಳ ಫೋಟೋ ತೆಗೆದು ಗ್ರೂಪಿಗೆ ಹಾಕಿದ ಗಲಾಟೆಗಳನ್ನು ಇಲ್ಲಿ ಬರೆಯುವುದು ಬೇಡ. ಹೀಗಾಗಿ ಚೀಟಿ ಕಟುವಾಗಿದೆ ಅಂದರೆ ಹಿಂದೆ ಏನೋ ಆಗಿರುತ್ತದೆ.

ರಾತ್ರಿ ಒಂಬತ್ತಕ್ಕೆ ಹೋಂವರ್ಕ್ ಹಾಕುವುದು ತಪ್ಪೇ. ಆದರೆ ಗ್ರೂಪಿನಲ್ಲಿ ಏನೂ ಕಾಣದಿದ್ದರೆ "ನಿಮ್ಮ ಶಾಲೆಯಲ್ಲಿ ಏನೂ ಕೊಡುವುದಿಲ್ಲವಾ" ಅಂತ ಕೇಳುವವರು ಪೋಷಕರೇ. ಆಧಾರ್ ವಿಷಯವೂ ಹಾಗೇ. ಸ್ಯಾಟ್ಸ್, ಯುಡೈಸ್, ಅಪಾರ್ ಅಂತ ಮಕ್ಕಳ ವಿವರ ತುಂಬುವ ಸರ್ಕಾರಿ ದಾಖಲೆಗಳು ಒಂದರ ಹಿಂದೆ ಒಂದು, ಇವತ್ತು ಸಂಜೆಯೊಳಗೆ ಎಂಟ್ರಿ ಮುಗಿಸಿ ಅನ್ನುತ್ತಾರೆ. ಅರವತ್ತು ಮಕ್ಕಳ ಕ್ಲಾಸ್. ಗ್ರೂಪಿನಲ್ಲಿ ಕೇಳದೆ ಇನ್ನೆಲ್ಲಿ ಕೇಳಲಿ? ನಿಜವಾಗಿ ಕೇಳುತ್ತಿದ್ದೇನೆ, ದಾರಿ ಇದ್ದರೆ ಹೇಳಿ.


ಆಲೂರಿನ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿಯೇ ಮಾಡಿದೆ ಅಣ್ಣ. ಪಟ್ಟಿಯಲ್ಲಿ ನಮ್ಮದಲ್ಲದ ಎರಡು ಫೋನ್ ಇದ್ದವು. ಒಂದು ಅವನ ಫ್ರೆಂಡಿನದ್ದು, ಇನ್ನೊಂದು ಯಾರದ್ದು ಅಂತ ಇವನಿಗೂ ಗೊತ್ತಿಲ್ಲ. ತೆಗೆದಿದ್ದೇನೆ. ಇವನು ಊಟ ಬಿಟ್ಟು ಮಲಗಿದ, ಬೆಳಗ್ಗೆ ಸರಿಹೋದ. ಗ್ರೂಪ್ ಅಡ್ಮಿನ್‌ಗೆ ಮೆಸೇಜ್ ಮಾಡಿದ್ದೇನೆ, ನೋಡಿದ್ದಾರೆ, ಉತ್ತರ ಇಲ್ಲ.

ಚೀಟಿಗೆ ಶುಕ್ರವಾರ ಕೊನೇ ದಿನ. ಇವರ ಅಪ್ಪ ಹೇಳುವುದು, ಸುಮ್ನೆ ಸಹಿ ಹಾಕು, ಇಲ್ಲದಿದ್ದರೆ ಮಗನ ಮೇಲೆ ಹಗೆ ಸಾಧಿಸುತ್ತಾರೆ ಅಂತ. ಶಾಲೆ ಆಪ್ ಬಗ್ಗೆಯೂ ಹೇಳಲಿಲ್ಲ ನೀವು.


ಬಿ.ಎಂ. ರಸ್ತೆ ರಿಪೇರಿಯವ

ಗೊತ್ತಿಲ್ಲದ ಆ ಎರಡನೇ ಫೋನ್ ಇತ್ತಲ್ಲ, ಅದಕ್ಕೇ ನಾನು ಗೇಮಿಗಿಂತ ಮೊದಲು ಅದನ್ನು ಹೇಳಿದ್ದು. ಆ ಮೇಲ್‌ಗೆ ಜೋಡಿಸಿರುವ ಬೇರೆ ಅಕೌಂಟ್‌ಗಳ ಪಾಸ್‌ವರ್ಡೂ ಬದಲಿಸಿ ಅಕ್ಕ. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಸಲ ನೋಡಿಬಿಡಿ. ನಿಮ್ಮದಲ್ಲದ ಎಂಟ್ರಿ ಏನಾದರೂ ಕಂಡರೆ ಯಾರನ್ನೂ ಕೇಳುತ್ತಾ ಕೂರಬೇಡಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡನ್ನು ದಾರಿಯಲ್ಲಿ ತಡೆಯುವ ಸಾಧ್ಯತೆ ಜಾಸ್ತಿ.

ಟೀಚರ್ ಮೇಡಂ, ನಿಮ್ಮ ಮಾತು ಒಪ್ಪಿದೆ. ಕ್ಯಾಮೆರಾ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಶಾಲೆ ಹೊತ್ತಿನಲ್ಲಿ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಬಾರದು, ಇದರಲ್ಲಿ ಎರಡು ಮಾತಿಲ್ಲ. ಆದರೆ ತೊಂದರೆ ಕ್ಯಾಮೆರಾದ್ದು ಆದರೆ ನಿಯಮವೂ ಕ್ಯಾಮೆರಾಗೇ ಇರಲಿ. ಸ್ವಿಚ್ ಆಫ್ ಮಾಡಿ ಬ್ಯಾಗಿನಲ್ಲಿ ಇಟ್ಟ ಕೀಪ್ಯಾಡ್ ಸೆಟ್ ಯಾರ ಮಾನ ಕಳೆಯುತ್ತದೆ? ದೆಹಲಿ ಹೈಕೋರ್ಟ್ 2025ರಲ್ಲಿ ಇದೇ ವಿಷಯದಲ್ಲಿ ಹೇಳಿದ್ದು ಇದನ್ನೇ. ಪೂರ್ತಿ ನಿಷೇಧ ಬೇಡ, ಶಾಲೆ ನಿಯಮ ಮಾಡಬಹುದು, ಸಾಧ್ಯವಾದಲ್ಲಿ ಫೋನ್ ಜೋಪಾನವಾಗಿ ಇಟ್ಟುಕೊಳ್ಳುವ ವ್ಯವಸ್ಥೆ ಇರಲಿ, ತಪ್ಪಿದರೆ ಕಿತ್ತಿಟ್ಟುಕೊಳ್ಳಬಹುದು, ಆದರೆ ಶಿಕ್ಷೆ ಅತಿ ಆಗಬಾರದು ಅಂತ. ಆ ತೀರ್ಪು ನಮ್ಮ ರಾಜ್ಯದ ಶಾಲೆಯನ್ನು ಕಟ್ಟಿಹಾಕುವುದಿಲ್ಲ, ಗೊತ್ತು. ಮಾತಾಡುವಾಗ ಕೈಯಲ್ಲಿ ಇರಲಿ ಅಂತ ಹೇಳಿದೆ. ಅಪ್ಪನ ದುಡ್ಡಿನ ಫೋನನ್ನು ಏಪ್ರಿಲ್‌ವರೆಗೂ ಇಟ್ಟುಕೊಳ್ಳುವುದು ನನ್ನ ಪ್ರಕಾರ ಅತಿ.

ಅರವತ್ತು ಮಕ್ಕಳ ಆಧಾರ್ ಹೇಗೆ ತರಿಸುವುದು ಅಂತ ಕೇಳಿದಿರಿ. ಜೆರಾಕ್ಸ್ ತರಿಸಿ, ನೋಡಿ ಎಂಟ್ರಿ ಮಾಡಿ, ವಾಪಸ್ ಕೊಡಿ. ಅಷ್ಟು ಸಮಯ ಇಲ್ಲದಿದ್ದರೆ ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ ಮಾಡಿ, ಫೋಟೋ ಕ್ಲಾಸ್ ಟೀಚರ್ ನಂಬರಿಗೆ ಮಾತ್ರ ಬರಲಿ, ಕೆಲಸ ಆದ ಮೇಲೆ ಅಳಿಸಿ. ಗ್ರೂಪಿನ ಬದಲು ವಾಟ್ಸ್ಯಾಪ್ ಕಮ್ಯುನಿಟಿ ಮಾಡಿದರೆ ಪ್ರಕಟಣೆ ನೋಡುವ ತಾಯಂದಿರ ನಂಬರ್ ಬೇರೆ ಪೋಷಕರಿಗೆ ಕಾಣುವುದೂ ಇಲ್ಲ. ಗುಡ್ ಮಾರ್ನಿಂಗ್ ಮೆಸೇಜ್ ಕೂಡ ನಿಲ್ಲುತ್ತದೆ, ಅದೊಂದು ಲಾಭ. ಮತ್ತೆ, ಅಪಾರ್‌ಗೆ ಪೋಷಕರ ಒಪ್ಪಿಗೆ ಪತ್ರ ಬೇಕು. ಆಧಾರ್ ಇಲ್ಲ ಅಂತ ಶಾಲೆಗೆ ಸೇರಿಸಿಕೊಳ್ಳದೇ ಇರುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. 2023ರ ಡೇಟಾ ರಕ್ಷಣೆ ಕಾಯ್ದೆ ಇದೆ, ಅದರ ನಿಯಮ 2025ರ ನವೆಂಬರ್‌ನಲ್ಲಿ ಬಂದವು. 18 ತುಂಬದವರೆಲ್ಲ ಅದರ ಪ್ರಕಾರ ಮಕ್ಕಳು. ಪೂರ್ತಿ ಜಾರಿಗೆ ಇನ್ನೂ ಸಮಯ ಕೊಟ್ಟಿದ್ದಾರೆ, ಶಾಲೆಗಳಿಗೆ ಕೆಲವು ವಿನಾಯಿತಿಯೂ ಇದೆ. ಆದರೆ ಗ್ರೂಪಿನಲ್ಲಿ ಎಲ್ಲರ ಮುಂದೆ ಹರಡಲು ಅದು ವಿನಾಯಿತಿ ಅಲ್ಲ.

ಶಾಲೆಯ ಆಪ್. ಸೆಟ್ಟಿಂಗ್ಸ್‌ನಲ್ಲಿ ಆಪ್ಸ್, ಅದರಲ್ಲಿ ಪರ್ಮಿಷನ್ಸ್. ಕಾಂಟ್ಯಾಕ್ಟ್, ಮೈಕ್, ಲೊಕೇಶನ್ ಎಲ್ಲ ಬೇಡ ಅಂತ ಹಾಕಿ, ಆಮೇಲೆ ತೆರೆದು ನೋಡಿ. ಮಾರ್ಕ್ಸ್ ತೋರಿಸಲು, ಫೀಸ್ ಕಟ್ಟಲು ಮೈಕ್ ಯಾಕೆ ಬೇಕು? ಬಹುತೇಕ ಅದಿಲ್ಲದೆಯೂ ನಡೆಯುತ್ತದೆ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅನ್ನುವುದು ಹಳೇ ಕಾಲದ ಪದ್ಧತಿ. ಅಮೆರಿಕದ ಎನ್‌ಐಎಸ್‌ಟಿ ಅಂತ ಒಂದು ಸಂಸ್ಥೆ ಇದೆ, ಜಗತ್ತೆಲ್ಲ ಅವರ ಮಾರ್ಗಸೂಚಿ ನೋಡುತ್ತದೆ. ಸೋರಿಕೆ ಆಗಿದ್ದು ಗೊತ್ತಾದರೆ ಬದಲಿಸಿ, ಸುಮ್ನೆ ದಿನ ಲೆಕ್ಕ ಹಾಕಿ ಬದಲಿಸಬೇಡಿ, ಉದ್ದ ಇರಲಿ ಸಾಕು ಅಂತ ಅವರೇ 2017ರಲ್ಲಿ ಹೇಳಿದ್ದಾರೆ. ಬಲವಂತ ಮಾಡಿದರೆ ಜನ ಏನು ಮಾಡುತ್ತಾರೆ? ಈ ತಿಂಗಳು ಹಾಸನಾಂಬ@1, ಮುಂದಿನ ತಿಂಗಳು ಹಾಸನಾಂಬ@2. ನಾಲ್ಕೈದು ಸಂಬಂಧವಿಲ್ಲದ ಪದ ಜೋಡಿಸಿ ಉದ್ದದ್ದು ಒಂದು ಇಡಿ. ನೆನಪಿರಲ್ಲ ಅಂದರೆ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ ಇಡಿ, ತಪ್ಪೇನಿಲ್ಲ. ರಷ್ಯಾದಲ್ಲಿ ಕೂತವನು ನಿಮ್ಮ ಬೀರು ತೆಗೆಯಲಾರ.

ಆಪ್ ವಿಷಯದಲ್ಲಿ ನಿಜವಾದ ಅಪಾಯ ಅದಲ್ಲ. ಶಾಲೆ ಗ್ರೂಪಿನಲ್ಲಿ ಯಾರಾದರೂ ಎಪಿಕೆ ಫೈಲ್ ಕಳಿಸಿದರೆ, ಅದು ಪ್ರಿನ್ಸಿಪಾಲ್ ನಂಬರಿನಿಂದ ಬಂದಿದ್ದರೂ ಮುಟ್ಟಬೇಡಿ. ಮದುವೆ ಕರೆಯೋಲೆ ಅಂತ, ಟ್ರಾಫಿಕ್ ಚಲನ್ ಅಂತ ಬರುತ್ತದೆ. ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್ ಎಲ್ಲ ಅವರಿಗೆ ಹೋಗುತ್ತದೆ, ಓಟಿಪಿ ಸಮೇತ. ಆಮೇಲೆ ನಿಮ್ಮ ಫೋನಿನಿಂದಲೇ ನಿಮ್ಮ ನೆಂಟರಿಗೆ ಅದೇ ಫೈಲ್ ಹೋಗುತ್ತದೆ. ಮಳೆಗಾಲದಲ್ಲಿ ಹೋದ ವರ್ಷದ ರಜೆ ಆದೇಶಕ್ಕೆ ದಿನಾಂಕ ತಿದ್ದಿ ಹಾಕಿದಾಗ ನಮ್ಮ ಜನ ಡಿಸಿ ಸಹಿ, ಕಡತ ಸಂಖ್ಯೆ ಎಲ್ಲ ಹಿಗ್ಗಿಸಿ ನೋಡಿ ಸುಳ್ಳು ಅಂತ ಕಂಡುಹಿಡಿಯುತ್ತಾರೆ. ಅಷ್ಟು ಚುರುಕಾದವರು ಮದುವೆ ಎಪಿಕೆ ಮಾತ್ರ ನೋಡದೆ ಒತ್ತುತ್ತಾರೆ. ನನಗೆ ಇದು ಇವತ್ತಿಗೂ ಅರ್ಥ ಆಗಿಲ್ಲ.

ಈಗ ಸಹಿ. ಹಾಕಿ, ಆದರೆ ಕೆಳಗೆ ಒಂದು ಸಾಲು ಸೇರಿಸಿ ಹಾಕಿ: "ಪ್ರಯಾಣದ ಸುರಕ್ಷತೆಗಾಗಿ ಕ್ಯಾಮೆರಾ ಇಲ್ಲದ ಕೀಪ್ಯಾಡ್ ಫೋನನ್ನು ಶಾಲೆ ಹೊತ್ತಿನಲ್ಲಿ ಆಫ್ ಮಾಡಿ ಕಚೇರಿಯಲ್ಲಿ ಇಡಲು ಅನುಮತಿ ಕೋರಿ ಪತ್ರ ಲಗತ್ತಿಸಿದೆ." ಪತ್ರದಲ್ಲಿ ಬಸ್ ಸಮಯ, ನಡೆಯುವ ದಾರಿ, ಆನೆ ಓಡಾಟ ಬರೆಯಿರಿ. ಅರಣ್ಯ ಇಲಾಖೆಯ ಮೆಸೇಜ್ ಒಂದೆರಡರ ಪ್ರಿಂಟ್ ಹಾಕಿ. ಹೋಂವರ್ಕ್ ಬಗ್ಗೆ ಒಂದೇ ಮಾತು: ಡೈರಿಯಲ್ಲಿ ಬರೆಸಿದ್ದೇ ಅಂತಿಮ, ಗ್ರೂಪಿನಲ್ಲಿ ಹಾಕಿದ್ದು ನೆನಪಿಗೆ ಮಾತ್ರ ಆಗಲಿ. ಆಧಾರ್ ಫೋಟೋಗಳನ್ನು ಗ್ರೂಪಿನಿಂದ ತೆಗೆಸಿ ಅಂತ ಕೊನೆಗೆ. ನಿಮ್ಮ ಕಡೆಯ ಬಸ್ಸಿನಲ್ಲಿ ಬರುವ ಇನ್ನೂ ಮೂರು ನಾಲ್ಕು ಮಕ್ಕಳ ಮನೆಯವರ ಸಹಿಯೂ ಹಾಕಿಸಿ, ಆಗ ಒಬ್ಬನ ಮೇಲೆ ಯಾರೂ ಹಗೆ ಸಾಧಿಸಲು ಬರಲ್ಲ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲ್ ಹಾಕಿಸಿಕೊಳ್ಳಿ.

ಕೀಪ್ಯಾಡ್ ಸೆಟ್ ತಗೊಳ್ಳುವಾಗ ನಿಮ್ಮ ಸಿಮ್ ಜಿಯೋ ಆದರೆ 4ಜಿ ಸೆಟ್ಟೇ ಬೇಕು, 2ಜಿ ಸೆಟ್ ನಡೆಯಲ್ಲ. ಸಿಮ್ ನಿಮ್ಮ ಹೆಸರಲ್ಲೇ ಇರುತ್ತದೆ, ಹಾಗಾಗಿ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿಗೆ ಒಟ್ಟು ಎಷ್ಟು ಸಿಮ್ ಇವೆ ಅಂತಲೂ ಒಮ್ಮೆ ನೋಡಿ. ಆನೆ ಮೆಸೇಜ್ ನಿಮ್ಮ ಫೋನಿಗೆ ಬರಲಿ. ಅವನು ಬಸ್ ಇಳಿದ ಮೇಲೆ ಕೀಪ್ಯಾಡ್ ಆನ್ ಮಾಡಿ ನಿಮಗೆ ಫೋನ್ ಮಾಡಲಿ, ನೀವು ಹೇಳಿದ ಮೇಲೆ ಹೆಜ್ಜೆ ಇಡಲಿ. ಟವರ್ ಇಲ್ಲದ ದಿನಕ್ಕೆ ಸ್ಟಾಪಿನ ಹತ್ತಿರದ ಅಂಗಡಿಯವರಿಗೆ ಹೇಳಿಡಿ, ಅವನು ಅಲ್ಲೇ ಕೂರಲಿ.


ಅರಸೀಕೆರೆ ಅಪ್ಪ

ಆನೆ ವಿಷಯ ನಾನು ಸರಿಯಾಗಿ ಓದಿರಲಿಲ್ಲ ಮೇಡಂ. ಕೀಪ್ಯಾಡ್‌ಗೆ ನನ್ನದೂ ಒಪ್ಪಿಗೆ. ಗೇಮ್ ಬಗ್ಗೆ ಮಾತ್ರ ನನ್ನ ಮಾತು ಬದಲಿಲ್ಲ.


ಹೈಸ್ಕೂಲ್ ಟೀಚರ್

ಅಡ್ಮಿನ್ ಮಾತ್ರ ಬರೆಯುವ ಸೆಟ್ಟಿಂಗ್ ಇವತ್ತೇ ನಮ್ಮ ಕ್ಲಾಸ್ ಗ್ರೂಪಿಗೆ ಹಾಕಿದೆ, ಹಳೇ ಫೋಟೋಗಳನ್ನೂ ತೆಗೆಯುತ್ತಿದ್ದೇನೆ. ಆಲೂರಿನ ಅಮ್ಮ, ಪತ್ರ ಒಂದೇ ಪುಟ ಇರಲಿ. ಏನು ಬೇಕು ಅನ್ನುವುದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ, ಕೋರ್ಟು ಕಾಯ್ದೆ ಎಲ್ಲ ಆಮೇಲೆ. ಎಚ್‌ಎಂ ಹತ್ತಿರ ಸೋಮವಾರ ಬೆಳಗ್ಗೆ ಹೋಗಬೇಡಿ. ಶುಕ್ರವಾರ ಗಡುವು ಇರುವುದರಿಂದ ಬುಧವಾರ ಮಧ್ಯಾಹ್ನ ಊಟದ ನಂತರ ಹೋದರೆ ಕೂತು ಕೇಳುತ್ತಾರೆ.